ಹರಿದ ರಿಬ್ಬನ್ ಹರಿದೇ ಇರಲಿ

ಕಳೆದ ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಅಂತ ಮೂರು ತಿಂಗಳು ಜರ್ಮನಿಯಲ್ಲಿದ್ದೆ. ಹಿಂದೆ ಪೂರ್ವ ಜರ್ಮನಿಗೆ ಸೇರಿದ್ದ ಒಂದು ಊರು. ಸೋಮವಾರದಿಂದ ಶುಕ್ರವಾರದವರೆಗೆ ಲ್ಯಾಬ್, ಶನಿವಾರ ನದಿ ದಂಡೆಯಲ್ಲಿ ಹಳೇ ಸಾಮಾನಿನ ಸಂತೆ. ಕ್ಯಾಮೆರಾ, ಪಿಂಗಾಣಿ ಕಪ್ಪು, ನಿಂತುಹೋದ ಗಡಿಯಾರ, ಯಾರದೋ ಮದುವೆ ಫೋಟೋ, ಎಲ್ಲ ಸಿಗುತ್ತಿತ್ತು. ಒಂದು ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಸೈನಿಕರ ಪದಕಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಕೆಲವು ಪದಕಗಳ ನಡುವೆ ಚಿಕ್ಕ ಕಾಗದದ ಚೂರು ಅಂಟಿಸಿತ್ತು. ಯಾಕೆ ಅಂತ ಆಮೇಲೆ ಗೊತ್ತಾಯ್ತು: ನಾಜಿ ಸ್ವಸ್ತಿಕವನ್ನು ಸಾರ್ವಜನಿಕವಾಗಿ ತೋರಿಸೋದು ಅಲ್ಲಿನ ದಂಡಸಂಹಿತೆಯ 86ಎ ಕಲಮಿನ ಕೆಳಗೆ ಅಪರಾಧ. ಸಂಶೋಧನೆ, ಶಿಕ್ಷಣಕ್ಕೆ ವಿನಾಯಿತಿ ಇದೆ, ಸಂತೆಗಿಲ್ಲ.

ಅಲ್ಲಿ ನಾನು ಒಂದು ರಿಬ್ಬನ್ ಬಾರ್ ತಗೊಂಡೆ. ಐದು ಬಣ್ಣದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಕೂರಿಸಿದ್ದ, ಬೆರಳುದ್ದದ ವಸ್ತು. ಅರವತ್ತು ಯೂರೋ. ಒಂದು ವಾರದ ದಿನಸಿ ದುಡ್ಡು. ಮಾರುವವರು ಹೇಳಿದ್ದು ಒಂದೇ ಮಾತು: "ಎರಡೂ ಮಹಾಯುದ್ಧ ನೋಡಿದ ಮನುಷ್ಯನದು. ಎರಡರಲ್ಲೂ ಐರನ್ ಕ್ರಾಸ್ ಗಳಿಸಿದವನು." ಆ ಮಾತಿಗೇ ನಾನು ದುಡ್ಡು ಕೊಟ್ಟಿದ್ದು ಅಂತ ಈಗ ಅನ್ನಿಸುತ್ತೆ.

ಇದು ಏನು ವಸ್ತು ಅಂತ ಮೊದಲು ಹೇಳಿಬಿಡುತ್ತೇನೆ. ಜರ್ಮನ್ ಸೈನಿಕ ಪರೇಡಿಗೆ, ಸಮಾರಂಭಕ್ಕೆ ಹೋಗುವಾಗ ಪದಕಗಳನ್ನೆಲ್ಲ ಒಂದೇ ಪಟ್ಟಿಗೆ ತೂಗುಹಾಕಿ ಎದೆಗೆ ಚುಚ್ಚಿಕೊಳ್ಳುತ್ತಿದ್ದ. ಅದು ಮೆಡಲ್ ಬಾರ್. ದಿನನಿತ್ಯದ ಸಮವಸ್ತ್ರದ ಮೇಲೆ ಲೋಹ ಬೇಡ, ರಿಬ್ಬನ್ ಮಾತ್ರ ಸಾಕು. ಅದು ರಿಬ್ಬನ್ ಬಾರ್. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಸರ್ಕಾರ ಪದಕವನ್ನು ಕೊಡುತ್ತಿತ್ತೇ ಹೊರತು ಬಾರ್ ಮಾಡಿ ಕೊಡುತ್ತಿರಲಿಲ್ಲ. ಅದನ್ನು ಊರಿನ ದರ್ಜಿ ಹತ್ತಿರವೋ ಸೈನಿಕ ಸಾಮಗ್ರಿ ಅಂಗಡಿಗೋ ತಗೊಂಡು ಹೋಗಿ ಮಾಡಿಸಿಕೊಳ್ಳಬೇಕು. ಅವರು ಒಂದು ತಗಡಿನ ಪಟ್ಟಿ ಕತ್ತರಿಸಿ, ರಿಬ್ಬನ್ನುಗಳನ್ನು ಮಡಿಚಿ ಹೊಲಿದು, ಹಿಂದೆ ಉಣ್ಣೆ ಬಟ್ಟೆಯ ಅಸ್ತರು ಕೊಟ್ಟು, ಪಿನ್ನು ಕೂರಿಸುತ್ತಿದ್ದರು. ಕೆಲವರು ಅಸ್ತರಿನ ಮೇಲೆ ತಮ್ಮ ಅಂಗಡಿಯ ಹೆಸರು, ಊರಿನ ಚೀಟಿ ಹೊಲಿಯುತ್ತಿದ್ದರು.

ಪದಕ ಕಾರ್ಖಾನೆಯ ಮಾಲು. 1934ರಲ್ಲಿ ಹಿಂಡೆನ್‌ಬರ್ಗ್ ಮೊದಲ ಮಹಾಯುದ್ಧದವರಿಗಾಗಿ ಹೊರಡಿಸಿದ ಗೌರವ ಕ್ರಾಸನ್ನೇ ತಗೊಳ್ಳಿ. ರಣರಂಗದಲ್ಲಿದ್ದವರಿಗೆ ಕೊಟ್ಟದ್ದೇ 60 ಲಕ್ಷಕ್ಕಿಂತ ಹೆಚ್ಚು. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಅದಕ್ಕೆ ಬೆಲೆಯೂ ಇಲ್ಲ, ಕಥೆಯೂ ಇಲ್ಲ. ಅದೇ ನಾಲ್ಕು ಪದಕ ಒಂದು ಕ್ರಮದಲ್ಲಿ, ಒಂದೇ ನೂಲಿನಲ್ಲಿ, ಒಂದೇ ಅಸ್ತರಿನ ಮೇಲೆ ಕೂತಾಗ ಅದು ಒಬ್ಬ ಮನುಷ್ಯನ ಬದುಕಿನ ದಾಖಲೆ. ಬಿಡಿ ಪದಕ ಅಂದ್ರೆ ಒಂದು ಸಬ್ಜೆಕ್ಟಿನ ಮಾರ್ಕ್ಸು, ಬಾರ್ ಅಂದ್ರೆ ಎಂಟೂ ಸೆಮಿಸ್ಟರಿನ ಟ್ರಾನ್ಸ್‌ಕ್ರಿಪ್ಟು. ಬ್ಯಾಕ್‌ಲಾಗ್ ಸಮೇತ.

ಓದೋಕೆ ಬಂದರೆ ಅದರಲ್ಲಿ ಬಹಳ ವಿಷಯ ಇದೆ. ಐರನ್ ಕ್ರಾಸ್ ಮೊದಲು ಶುರುವಾದದ್ದು 1813ರಲ್ಲಿ, ನೆಪೋಲಿಯನ್ ವಿರುದ್ಧದ ಯುದ್ಧದ ಹೊತ್ತಿಗೆ, ಪ್ರಷ್ಯಾದ ರಾಜನಿಂದ. ಆಮೇಲೆ 1870, 1914, 1939ರಲ್ಲಿ ಮತ್ತೆ ಹೊರಡಿಸಿದರು. 1914ರ ಎರಡನೇ ದರ್ಜೆಯ ಕ್ರಾಸಿಗೆ ಕಪ್ಪು ರಿಬ್ಬನ್, ಅಂಚಿನ ಹತ್ತಿರ ಬಿಳಿ ಪಟ್ಟಿ. ಯುದ್ಧದಲ್ಲಿ ನೇರವಾಗಿ ಹೋರಾಡದೆ ಹಿಂದೆ ನಿಂತು ಸೇವೆ ಮಾಡಿದವರಿಗೆ ಅದೇ ಬಣ್ಣ ತಿರುಗುಮುರುಗು: ಬಿಳಿ ಮೇಲೆ ಕಪ್ಪು. 1939ರದ್ದಕ್ಕೆ ಮಧ್ಯದಲ್ಲಿ ಅಗಲವಾದ ಕೆಂಪು ಬಂತು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿ ಹೆಸರಿಗೆ ಒಂದು ಸಾಮ್ರಾಜ್ಯವಾದರೂ ಒಳಗಡೆ ಪ್ರಷ್ಯಾ, ಬವೇರಿಯಾ, ಸ್ಯಾಕ್ಸನಿ, ವುರ್ಟೆಂಬರ್ಗ್, ಇನ್ನೂ ಎಷ್ಟೋ ಪುಟ್ಟ ಸಂಸ್ಥಾನಗಳು. ಹ್ಯಾಂಬರ್ಗ್, ಬ್ರೆಮೆನ್, ಲ್ಯೂಬೆಕ್ ಅನ್ನೋ ಮೂರು ನಗರಗಳೂ ತಮ್ಮದೇ ಆದ ಕ್ರಾಸ್ ಕೊಡುತ್ತಿದ್ದವು. ಸಾಮಾನ್ಯವಾಗಿ ತನ್ನ ನಾಡಿನ ಪದಕ ಮುಂದೆ, ಬೇರೆ ನಾಡಿನದ್ದು ಹಿಂದೆ, ವಿದೇಶದ್ದು ಕೊನೆಗೆ. ಹಾಗಾಗಿ ಪಟ್ಟಿಗಳ ಕ್ರಮ ನೋಡಿಯೇ ಇವನು ಯಾವ ಕಡೆಯವನು, ಯಾರ ಜೊತೆ ಎಲ್ಲಿ ಇದ್ದ ಅಂತ ಅಂದಾಜು ಮಾಡಬಹುದು.

ಕೆಲವು ಬಾರುಗಳ ತುದಿಯಲ್ಲಿ ಒಂದು ಕೆಂಪು ರಿಬ್ಬನ್ ಇರುತ್ತೆ, ಎರಡು ಬಿಳಿ ಗೆರೆ, ಕೆಳಗೆ ಪದಕ ಇಲ್ಲ. ಅದು ಒಟ್ಟೋಮನ್ ಸುಲ್ತಾನ 1915ರಲ್ಲಿ ಹೊರಡಿಸಿದ ಯುದ್ಧ ಪದಕದ್ದು. ಆ ಪದಕ ನಕ್ಷತ್ರದ ಆಕಾರದ್ದು, ಅದನ್ನು ಎದೆಗೆ ನೇರವಾಗಿ ಚುಚ್ಚಿಕೊಳ್ಳುತ್ತಿದ್ದರು. ಆದ್ದರಿಂದ ಬಾರ್ ಮೇಲೆ ರಿಬ್ಬನ್ ಮಾತ್ರ. ಅಂಥದ್ದನ್ನು ಮೊದಲ ಸಲ ನೋಡಿದಾಗ ನನಗೆ ಥಟ್ಟನೆ ನೆನಪಾದದ್ದು ಬೆಂಗಳೂರಿನ ಜೆ.ಸಿ. ನಗರದ ಮೈಸೂರ್ ಲ್ಯಾನ್ಸರ್ಸ್ ಸ್ಮಾರಕ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ನಮ್ಮ ಮೈಸೂರಿನ ಕುದುರೆ ಸವಾರರು, ಜೋಧಪುರದವರ ಜೊತೆ ಸೇರಿ, ಒಟ್ಟೋಮನ್ ಸೇನೆಯ ಮೇಲೆ ನುಗ್ಗಿದರು. ಪ್ಯಾಲೆಸ್ಟೈನಿನ ಆ ಯುದ್ಧದಲ್ಲಿ ಒಟ್ಟೋಮನ್ನರ ಜೊತೆ ಜರ್ಮನ್ ತುಕಡಿಗಳೂ ಇದ್ದವು. ಅಂದ್ರೆ ಎಲ್ಲೋ ಒಂದು ಸಂತೆ ಮೇಜಿನ ಮೇಲೆ ಬಿದ್ದಿರೋ ಆ ಕೆಂಪು ರಿಬ್ಬನ್ನಿನ ಯಜಮಾನ ನಮ್ಮೂರಿನ ಯಾರದೋ ಮುತ್ತಾತನ ಎದುರಾಳಿ ಆಗಿದ್ದಿರಬಹುದು. ಬಹುದು, ಅಷ್ಟೆ.

ಸರಿ, ನನ್ನ ಅರವತ್ತು ಯೂರೋ ಕಥೆಗೆ ಬರೋಣ.

ನಮ್ಮ ಲ್ಯಾಬಿನಲ್ಲಿ ಬಿರುಕು ಹುಡುಕೋಕೆ ಫ್ಲೋರೆಸೆಂಟ್ ಪೆನೆಟ್ರಂಟ್ ಬಳಸುತ್ತಿದ್ದೆವು. ಅದಕ್ಕೆ ಒಂದು ಒಳ್ಳೆ ಯುವಿ ಟಾರ್ಚ್ ಇತ್ತು. ಸೋಮವಾರ ಸಂಜೆ ಎಲ್ಲರೂ ಹೋದ ಮೇಲೆ ಲೈಟ್ ಆರಿಸಿ ಬಾರ್ ಮೇಲೆ ಬೆಳಕು ಬಿಟ್ಟೆ. ಮುಂದಿನ ರಿಬ್ಬನ್ನುಗಳು ಮಂಕಾಗಿಯೇ ಇದ್ದವು. ತಿರುಗಿಸಿದೆ. ಹಿಂದಿನ ಹೊಲಿಗೆ ನೂಲು ನೀಲಿಬಿಳಿಯಾಗಿ ಝಗ್ ಅಂತ ಹೊಳೆಯಿತು. ಕಾಲೇಜ್ ಫೆಸ್ಟಿನ ಡಿಜೆ ಲೈಟಲ್ಲಿ ಬಿಳಿ ಬನಿಯನ್ ಹೊಳೆಯುತ್ತಲ್ಲ, ಥೇಟ್ ಹಾಗೆ.

ಕಾರಣ ಒಂದೇ. ಬಿಳಿ ಬಟ್ಟೆ, ನೂಲು ಇನ್ನೂ ಬೆಳ್ಳಗೆ ಕಾಣಲಿ ಅಂತ ಆಪ್ಟಿಕಲ್ ಬ್ರೈಟ್ನರ್ ಅನ್ನೋ ರಾಸಾಯನಿಕ ಹಾಕುತ್ತಾರೆ. ಅದು ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿಕೊಂಡು ನೀಲಿ ಬೆಳಕಾಗಿ ಹೊರಗೆ ಬಿಡುತ್ತೆ. ಜವಳಿಯಲ್ಲಿ ಇದರ ಬಳಕೆ ಸಾಮಾನ್ಯವಾದದ್ದು ಎರಡನೇ ಮಹಾಯುದ್ಧದ ನಂತರ. ಹಾಗಾಗಿ 1945ಕ್ಕೆ ಮುಂಚೆ ಹೊಲಿದದ್ದು ಅನ್ನೋ ಬಾರಿನ ನೂಲು ಹೀಗೆ ಹೊಳೆಯಬಾರದು. ಸಡಿಲವಾಗಿದ್ದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದೆ. ಹತ್ತಿ ನೂಲಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಬೇಕಿತ್ತು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ. ಇದು ಕರಗಿ ಗಟ್ಟಿ ಕರಿ ಮಣಿಯಾಯ್ತು. ಪಾಲಿಯೆಸ್ಟರ್ ಇರಬೇಕು. ಬ್ರಿಟನ್ನಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಅದಕ್ಕೆ ಪೇಟೆಂಟ್ ತಗೊಂಡದ್ದೇ 1941ರಲ್ಲಿ. ಅದು ದರ್ಜಿಗಳ ಕೈಗೆ ಬಂದದ್ದು ಯುದ್ಧ ಮುಗಿದು ವರ್ಷಗಳಾದ ಮೇಲೆ. (ಜರ್ಮನಿಯಲ್ಲಿ ಪರ್ಲಾನ್ ಅನ್ನೋ ನೈಲಾನ್ ಜಾತಿಯ ನೂಲು 1938ರಲ್ಲೇ ಹುಟ್ಟಿತ್ತು, ನಿಜ. ಆದರೆ ಯುದ್ಧಕಾಲದಲ್ಲಿ ಅದು ಪ್ಯಾರಾಶೂಟಿನಂಥ ಸೇನಾ ಕೆಲಸಕ್ಕೆ ಹೋಗುತ್ತಿತ್ತು, ದರ್ಜಿಯ ಸೂಜಿಗಲ್ಲ.)

"ಆಯ್ತಲ್ಲ, ಖೋಟಾ ಅಂತ ಸಾಬೀತಾಯ್ತು" ಅಂತೀರಾ? ನಾನೂ ಹಾಗೇ ಅಂದುಕೊಂಡೆ, ಎರಡು ದಿನ. ಅಲ್ಲ. ಸಾಬೀತಾದದ್ದು ಇಷ್ಟೇ: ಈ ಹೊಲಿಗೆ ಯುದ್ಧಕಾಲದ್ದಲ್ಲ. ಅದಕ್ಕೂ ಖೋಟಾ ಅನ್ನೋದಕ್ಕೂ ವ್ಯತ್ಯಾಸ ಇದೆ. ಪಶ್ಚಿಮ ಜರ್ಮನಿ 1957ರ ಜುಲೈ 26ರಂದು ಒಂದು ಕಾಯ್ದೆ ಮಾಡಿತು. ಎರಡನೇ ಮಹಾಯುದ್ಧದ ಶೌರ್ಯ ಪದಕಗಳನ್ನು ಸ್ವಸ್ತಿಕ ತೆಗೆದ ರೂಪದಲ್ಲಿ ಹಳೆಯ ಸೈನಿಕರು ಧರಿಸಬಹುದು ಅಂತ. 1939ರ ಐರನ್ ಕ್ರಾಸಿನ ಮಧ್ಯದಲ್ಲಿ ಸ್ವಸ್ತಿಕದ ಜಾಗಕ್ಕೆ ಓಕ್ ಎಲೆ ಬಂತು. ಆಸ್ಟ್ರಿಯಾ, ಸುಡೆಟೆನ್‌ಲ್ಯಾಂಡ್, ಮೆಮೆಲ್ ಕಬಳಿಸಿದ್ದಕ್ಕೆ ಹಿಟ್ಲರ್ ಹಂಚಿದ್ದ ಪದಕಗಳಿಗೆ ಮಾತ್ರ ಯಾವ ರೂಪದಲ್ಲೂ ಅನುಮತಿ ಸಿಗಲಿಲ್ಲ. ಹೊಸ ಕಾಯ್ದೆ ಬಂದ ಮೇಲೆ ಎಷ್ಟೋ ಜನ ಅಂಗಡಿಗೆ ಹೋಗಿ ಹೊಸದಾಗಿ ಬಾರ್ ಮಾಡಿಸಿಕೊಂಡರು. ಹೊಸ ನೂಲು, ಹೊಸ ರಿಬ್ಬನ್, ಆದರೆ ನಿಜವಾದ ಮನುಷ್ಯ, ನಿಜವಾದ ಸೇವೆ. ಅವು ಟಾರ್ಚಿಗೆ ಹೊಳೆಯುತ್ತವೆ, ಹೊಳೆಯಲೇಬೇಕು. ಅದನ್ನು 1940ರದ್ದು ಅಂತ ಹೇಳಿ ಮಾರಿದಾಗ ಮಾತ್ರ ಮೋಸ.

ಇದರ ಉಲ್ಟಾನೂ ನಿಜ. ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಲ್ಲ. ಆ ಕಾಲದ ರಿಬ್ಬನ್ ಸುರುಳಿಗಳು ಈಗಲೂ ಮಾರಾಟಕ್ಕೆ ಸಿಗುತ್ತವೆ. ಹಳೇ ರಿಬ್ಬನ್, ಹಳೇ ಹತ್ತಿ ನೂಲು, ಬಿಡಿಯಾಗಿ ಕೊಂಡ ಅಸಲಿ ಪದಕ ಇಟ್ಟುಕೊಂಡು ನಿನ್ನೆ ರಾತ್ರಿ ಕೂತು ಹೊಲಿದ ಬಾರ್ ಟಾರ್ಚ್ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗುತ್ತೆ. ಎಕ್ಸ್‌ಆರ್‌ಎಫ್ ಯಂತ್ರ ಇಟ್ಟು ಮಿಶ್ರಲೋಹ ನೋಡಿದರೂ ಪಾಸು, ಯಾಕಂದ್ರೆ ಲೋಹ ನಿಜವಾಗಿಯೂ ಹಳೆಯದೇ. ನಮ್ಮ ಯಂತ್ರಗಳು ಒಂದು ವಸ್ತುವನ್ನು ರಿಜೆಕ್ಟ್ ಮಾಡಬಲ್ಲವು, ಅಸಲಿ ಅಂತ ಸರ್ಟಿಫಿಕೇಟ್ ಕೊಡಲಾರವು. ಎನ್‌ಡಿಟಿ ಓದಿದವರಿಗೆ ಇದು ಹೊಸದೇನಲ್ಲ. ಬಿರುಕು ಕಾಣಲಿಲ್ಲ ಅಂದ್ರೆ ಬಿರುಕಿಲ್ಲ ಅಂತಲ್ಲ, ಈ ವಿಧಾನಕ್ಕೆ ಕಾಣಲಿಲ್ಲ ಅಂತ.

ಆಮೇಲೆ ನನಗೆ ನಾಚಿಕೆಯಾದದ್ದು ಬೇರೆ ವಿಷಯಕ್ಕೆ. ಟಾರ್ಚೇ ಬೇಕಿರಲಿಲ್ಲ. ನನ್ನ ಬಾರಿನಲ್ಲಿ 1914ರ ಐರನ್ ಕ್ರಾಸಿನ ಕಪ್ಪುಬಿಳಿ ರಿಬ್ಬನ್ನೂ ಇತ್ತು, 1939ರ ಕೆಂಪು ರಿಬ್ಬನ್ನೂ ಇತ್ತು. ನಿಯಮದ ಪ್ರಕಾರ ಮೊದಲ ಯುದ್ಧದಲ್ಲೇ ಆ ಕ್ರಾಸ್ ಪಡೆದವನಿಗೆ ಎರಡನೇ ಯುದ್ಧದಲ್ಲಿ ಅದೇ ದರ್ಜೆ ಸಿಕ್ಕರೆ ಹೊಸ ಕ್ರಾಸ್ ಕೊಡುತ್ತಿರಲಿಲ್ಲ. ಹದ್ದಿನ ಚಿತ್ರ, ಕೆಳಗೆ 1939 ಅಂತ ಇರುವ ಒಂದು ಪುಟ್ಟ ಬಿಲ್ಲೆ ಕೊಡುತ್ತಿದ್ದರು. ಅದನ್ನು ಹಳೇ ಕಪ್ಪುಬಿಳಿ ರಿಬ್ಬನ್ ಮೇಲೇ ಸಿಕ್ಕಿಸಿಕೊಳ್ಳಬೇಕು. ಎರಡು ರಿಬ್ಬನ್ ಅಕ್ಕಪಕ್ಕ ಬಂದರೆ ಅನುಮಾನ ಪಡಲೇಬೇಕು. "ಎರಡೂ ಯುದ್ಧದಲ್ಲಿ ಐರನ್ ಕ್ರಾಸ್" ಅನ್ನೋ ಕಥೆ ಕೇಳಲು ಚೆನ್ನಾಗಿದೆ ಅಂತಲೇ ಯಾರೋ ಎರಡನ್ನೂ ಪಕ್ಕಪಕ್ಕ ಹೊಲಿದಿದ್ದಾರೆ, ಕಥೆ ಚೆನ್ನಾಗಿದೆ ಅಂತಲೇ ನಾನು ಕೊಂಡಿದ್ದೇನೆ. ಬರಿಗಣ್ಣಿಗೆ, ಹಗಲು ಬೆಳಕಲ್ಲಿ ಕಾಣುತ್ತಿದ್ದ ತಪ್ಪು. ಲ್ಯಾಬ್‌ಗೆ ಓಡುವ ಮುಂಚೆ ಪುಸ್ತಕ ತೆಗೆಯಬೇಕಿತ್ತು.

ಪದಕಗಳ ಲೋಹದ ವಿಷಯ ನಮ್ಮ ಬ್ರಾಂಚಿನವರಿಗೆ ಇಷ್ಟವಾಗುವಂಥದ್ದು. 1914ರ ಐರನ್ ಕ್ರಾಸ್ ಒಂದೇ ತುಂಡಲ್ಲ: ನಡುವೆ ಕಪ್ಪು ಬಣ್ಣ ಬಳಿದ ಕಬ್ಬಿಣದ ತಿರುಳು, ಸುತ್ತ ಎರಡು ಬೆಳ್ಳಿಯ ಚೌಕಟ್ಟು, ಅಂಚಿನಲ್ಲಿ ಬೆಸುಗೆ. ಅಯಸ್ಕಾಂತ ಹಿಡಿದರೆ ಸಾಮಾನ್ಯವಾಗಿ ಅಂಟುತ್ತೆ. ಭೂತಗನ್ನಡಿಯಲ್ಲಿ ಅಂಚು ನೋಡಿದರೆ ಎರಡು ಚೌಕಟ್ಟು ಸೇರಿದ ಗೆರೆ ಕಾಣುತ್ತೆ. ಅಗ್ಗದ ನಕಲುಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಎರಕದಲ್ಲಿ ಲೋಹ ತಣಿಯುವಾಗ ಕುಗ್ಗುತ್ತೆ ಅಂತ ಎರಡನೇ ವರ್ಷವೇ ಓದಿದ್ದೀವಲ್ಲ. ಅಸಲಿಯಿಂದ ಅಚ್ಚು ತೆಗೆದ ನಕಲು ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿರುತ್ತೆ, ಅಕ್ಷರದ ಮೂಲೆಗಳು ಸವೆದ ಸೋಪಿನ ಹಾಗೆ ಮೊಂಡಾಗಿರುತ್ತವೆ, ಅಲ್ಲಲ್ಲಿ ಗುಳ್ಳೆಯ ಗುರುತು. ವರ್ನಿಯರ್ ಕ್ಯಾಲಿಪರ್ ಸಾಕು.

ಆದರೆ ಬಾರ್ ವಿಷಯದಲ್ಲಿ ಲೋಹಕ್ಕಿಂತ ನಂಬಿಕೆ ಹುಟ್ಟಿಸೋದು ಬೇರೆಯೇ ಒಂದು. ಎಲ್ಲ ಭಾಗಗಳೂ ಒಟ್ಟಿಗೆ ಮುದಿಯಾಗಿವೆಯಾ ಅನ್ನೋದು. ಎಂಬತ್ತು ವರ್ಷ ಒಂದು ಪದಕ ಒಂದು ರಿಬ್ಬನ್ನಿಗೆ ಒರಗಿಕೊಂಡಿದ್ದರೆ ಅದರ ಹಿಂದೆ ಅದರದೇ ಆಕಾರದ ನೆರಳು ಬಿದ್ದಿರುತ್ತೆ. ಹೊರಗೆ ಬಣ್ಣ ಮಾಸಿರುತ್ತೆ, ಮಡಿಕೆಯ ಒಳಗೆ ಹೊಸದರ ಹಾಗೇ ಇರುತ್ತೆ. ಪಿನ್ನಿನ ತುಕ್ಕು ಅಸ್ತರಿನ ಬಟ್ಟೆಗೆ ಇಳಿದಿರುತ್ತೆ. ಹೊಲಿಗೆ ತೂತುಗಳು ಒಂದೇ ಸಲದವು, ಪಕ್ಕದಲ್ಲಿ ಹಳೇ ಖಾಲಿ ತೂತು ಇರುವುದಿಲ್ಲ. ಒಂದೊಂದನ್ನೂ ನಕಲು ಮಾಡಬಹುದು. ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಬಟ್ಟೆ ಹಳತು ಮಾಡುವವರಿದ್ದಾರೆ, ಬಿಸಿಲಲ್ಲಿ ಇಡುವವರಿದ್ದಾರೆ. ಎಲ್ಲವೂ ಒಂದಕ್ಕೊಂದು ಸಾಕ್ಷಿ ಹೇಳುವ ಹಾಗೆ ಮಾಡೋದು ಕಷ್ಟ.

ನಾನು ಈ ಲೇಖನ ಬರೆಯೋಕೆ ಕೂತದ್ದು ನನ್ನ ಅರವತ್ತು ಯೂರೋ ಹೋಯ್ತು ಅಂತಲ್ಲ. ಈಗ ಹೇಳೋ ವಿಷಯಕ್ಕೆ.

ಲ್ಯಾಬಿನಲ್ಲಿ ಒಬ್ಬರು ಹಿರಿಯ ಟೆಕ್ನೀಷಿಯನ್ ಇದ್ದರು, ನಿವೃತ್ತಿಗೆ ಹತ್ತಿರವಾಗಿದ್ದವರು. ನಾನು ಟಾರ್ಚ್ ಹಿಡಿದು ಕೂತಿದ್ದನ್ನು ಮಾರನೇ ದಿನ ಯಾರೋ ಹೇಳಿ ನಕ್ಕರಂತೆ. ಅವರು ನಗಲಿಲ್ಲ. ಮುಂದಿನ ವಾರ ಊಟದ ಡಬ್ಬಿಯ ಜೊತೆ ಒಂದು ಕರವಸ್ತ್ರದ ಗಂಟು ತಂದರು. ಅದರಲ್ಲಿ ನಾಲ್ಕು ಪದಕದ ಒಂದು ಬಾರ್. ಅವರಜ್ಜನದು. ಮಾಗ್ಡೆಬರ್ಗ್ ಕಡೆಯವರು, ಮೊದಲ ಮಹಾಯುದ್ಧದಲ್ಲಿ ಪ್ರಷ್ಯನ್ ಸೇನೆಯಲ್ಲಿದ್ದವರು. ಪೂರ್ವ ಜರ್ಮನಿ ಕಾಲದಲ್ಲಿ ಅದನ್ನು ಮನೆಯಲ್ಲಿ ಹೊರಗೆ ತೆಗೆಯುತ್ತಿರಲಿಲ್ಲವಂತೆ, ಹಾಸಿಗೆ ಬಟ್ಟೆಗಳ ಕೆಳಗೆ ಇಟ್ಟಿದ್ದರಂತೆ. ಮೂರು ಪದಕ, ನಾಲ್ಕನೆಯದರ ಜಾಗದಲ್ಲಿ ಬರೀ ಹರಿದ ರಿಬ್ಬನ್. ಗೋಡೆ ಬಿದ್ದ ಮೇಲೆ, ತೊಂಬತ್ತರ ದಶಕದಲ್ಲಿ, ಅವರ ತಾಯಿ ಅದನ್ನು ಒಬ್ಬ ವ್ಯಾಪಾರಿಗೆ ತೋರಿಸಿದರು. ಆತ "ಚೆನ್ನಾಗಿ ಪೂರ್ತಿ ಮಾಡಿಕೊಡ್ತೀನಿ" ಅಂದ. ಮಾಡಿಯೂ ಕೊಟ್ಟ. ರಿಬ್ಬನ್ನುಗಳೆಲ್ಲ ಹೊಸವು, ಹಿಂದೆ ಹೊಸ ಕರಿ ಉಣ್ಣೆ ಬಟ್ಟೆ, ನಾಲ್ಕನೇ ಜಾಗದಲ್ಲಿ ಬ್ರೌನ್‌ಶ್ವೈಗ್ ಸಂಸ್ಥಾನದ ಯುದ್ಧ ಸೇವಾ ಕ್ರಾಸ್. ಮಾಗ್ಡೆಬರ್ಗಿನ ಪಕ್ಕದ ಸೀಮೆ ಅದು, ಹೊಂದುತ್ತೆ ಅಂತ ಅವನ ಅಂದಾಜು ಇದ್ದಿರಬೇಕು. ಹಳೇ ರಿಬ್ಬನ್, ಹಳೇ ಅಸ್ತರು ಎಲ್ಲಿ ಅಂತ ಇವರ ತಾಯಿ ಕೇಳಲಿಲ್ಲ, ಅವನು ಹೇಳಲೂ ಇಲ್ಲ. ಅಸ್ತರಿನ ಮೇಲೆ ಅಂಗಡಿಯ ಚೀಟಿ ಒಂದಿತ್ತು ಅನ್ನೋದು ಇವರಿಗೆ ನೆನಪಿದೆ. ಏನು ಬರೆದಿತ್ತು ಅಂತ ನೆನಪಿಲ್ಲ.

ಆಮೇಲೆ ಆದದ್ದು ನೋಡಿ. ಇವರ ಸೋದರಳಿಯ ಮನೆತನದ ಇತಿಹಾಸ ಬರೆದರು. ಅದರಲ್ಲಿ, ಅಜ್ಜ ಬ್ರೌನ್‌ಶ್ವೈಗ್ ರೆಜಿಮೆಂಟಿನ ಜೊತೆ ಹೋರಾಡಿದವರು ಅಂತ ಬಂತು. ಪುರಾವೆ? ಬಾರ್ ಮೇಲಿನ ಕ್ರಾಸ್. ಈಗ ಮೊಮ್ಮಕ್ಕಳಿಗೆ ಅದೇ ಇತಿಹಾಸ.

"ನಾಲ್ಕನೆಯದು ನಮ್ಮಜ್ಜನದೇನಾ, ನೋಡಿ ಹೇಳಿ" ಅಂತ ಅವರು ನನ್ನನ್ನು ಕೇಳಿದರು. ಎಲ್ಲ ಪರೀಕ್ಷೆ ಮಾಡಿದೆ. ನೂಲು ಹೊಳೆಯಿತು, ರಿಬ್ಬನ್ನುಗಳು ಹೊಳೆದವು. ನಾಲ್ಕೂ ಪದಕಗಳ ಲೋಹ ಆ ಕಾಲದ್ದೇ. ಆದರೆ ಅವರು ಕೇಳಿದ್ದು ಆ ಪ್ರಶ್ನೆ ಅಲ್ಲವಲ್ಲ. ಆ ಪ್ರಶ್ನೆಗೆ ಉತ್ತರ ಇದ್ದದ್ದು ಹರಿದ ರಿಬ್ಬನ್ನಿನ ಬಣ್ಣದಲ್ಲಿ, ಅದರ ಮೇಲೆ ಬಿದ್ದಿದ್ದ ಪದಕದ ನೆರಳಿನಲ್ಲಿ, ಅಸ್ತರಿನ ಚೀಟಿಯಲ್ಲಿ. ಮೂರೂ ಯಾವುದೋ ಕಸದ ಬುಟ್ಟಿಗೆ ಹೋಗಿ ಮೂವತ್ತು ವರ್ಷ ಆಗಿದೆ. ಮನೆಯಲ್ಲಿ ಒಂದು ಕಪ್ಪುಬಿಳುಪು ಫೋಟೋ ಇದೆ, ಅಜ್ಜ ಬಾರ್ ಧರಿಸಿ ನಿಂತದ್ದು. ಮೂರು ಪದಕ ಗೊತ್ತಾಗುತ್ತೆ. ನಾಲ್ಕನೆಯದರ ಮೇಲೆ ಕೈ ಬಂದಿದೆ.

ಕಡತ ನೋಡಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ಪ್ರಷ್ಯನ್ ಸೇನೆಯ ದಾಖಲೆಗಳು ಪೋಟ್ಸ್‌ಡಾಮಿನ ಸೇನಾ ದಫ್ತರಖಾನೆಯಲ್ಲಿದ್ದವು. 1945ರ ಏಪ್ರಿಲ್ 14ರ ರಾತ್ರಿ ಬ್ರಿಟಿಷ್ ವಿಮಾನಗಳ ಬಾಂಬಿಗೆ ಅದರ ಬಹುಪಾಲು ಸುಟ್ಟುಹೋಯಿತು. ಬವೇರಿಯಾದ ಸೈನಿಕನಾಗಿದ್ದರೆ ಮ್ಯೂನಿಕ್‌ನ ಯುದ್ಧ ದಫ್ತರಖಾನೆಯಲ್ಲಿ ಹುಡುಕಬಹುದಿತ್ತು, ಅಲ್ಲಿನ ಕಡತಗಳು ಉಳಿದಿವೆ. ಅಧಿಕಾರಿಯಾಗಿದ್ದರೆ ಅಚ್ಚಾದ ರ‍್ಯಾಂಕ್ ಪಟ್ಟಿಗಳಲ್ಲಿ ಹೆಸರಿನ ಮುಂದೆ ಪದಕಗಳ ಸಂಕೇತಾಕ್ಷರ ಸಿಗುತ್ತಿತ್ತು. ಅಪರೂಪದ ಪದಕಗಳ ಜೋಡಣೆಯನ್ನು ಈ ಪಟ್ಟಿಗಳ ಜೊತೆ ತಾಳೆ ನೋಡಿ, ಹೆಸರಿಲ್ಲದ ಬಾರಿನ ಯಜಮಾನನನ್ನೇ ಹುಡುಕಿ ತೆಗೆಯುವ ಸಂಗ್ರಾಹಕರಿದ್ದಾರೆ, ಅವರ ತಾಳ್ಮೆಗೆ ಕೈ ಮುಗಿಯಬೇಕು. ಇವರಜ್ಜ ಸಾಮಾನ್ಯ ಸಿಪಾಯಿ, ಅದೂ ಪ್ರಷ್ಯನ್. ಅಂಥವರಿಗೆ ಎಷ್ಟೋ ಸಲ ಆ ಬಾರೇ ಉಳಿದಿರುವ ಕಡತ. ಒಬ್ಬ ವ್ಯಾಪಾರಿ ಅದನ್ನು "ಚೆನ್ನಾಗಿ" ಮಾಡಲು ಹೋಗಿ ಅಳಿಸಿದ.

ಅದಕ್ಕೇ ನನ್ನ ಅಭಿಪ್ರಾಯ ಖಡಕ್ಕಾಗಿ ಹೇಳಿಬಿಡುತ್ತೇನೆ. ಪದಕ ಬಿದ್ದುಹೋದ ಜಾಗಕ್ಕೆ ಬೇರೆ ಪದಕ ಹಾಕೋದನ್ನು ಸಂಗ್ರಾಹಕರು "ರೆಸ್ಟೊರೇಷನ್" ಅಂತ ಕರೀತಾರೆ. ಅದು ರೆಸ್ಟೊರೇಷನ್ ಅಲ್ಲ, ದಾಖಲೆ ತಿದ್ದೋದು. ಸರ್ವರ್ ಲಾಗಿನಲ್ಲಿ ಒಂದು ಸಾಲು ಕಾಣೆಯಾಗಿದೆ ಅಂತ ನೀವೇ ಒಂದು ಸಾಲು ಬರೆದು ಸೇರಿಸಿದರೆ ಏನಂತಾರೆ? ಲ್ಯಾಬ್ ರೆಕಾರ್ಡಿನಲ್ಲಿ ಒಂದು ರೀಡಿಂಗ್ ತಪ್ಪಿಹೋಗಿದೆ ಅಂತ ಗ್ರಾಫಿಗೆ ಹೊಂದೋ ನಂಬರ್ ತುಂಬಿದರೆ? (ಯಾರೂ ತುಂಬಿಲ್ಲ ಬಿಡಿ, ನಮ್ಮ ಕಾಲೇಜಲ್ಲಿ.) ಅಸಲಿ ಪದಕವನ್ನೇ ಹಾಕಿದರೂ ತಪ್ಪು ತಪ್ಪೇ. ನಿಜ ಹೇಳಬೇಕಂದ್ರೆ ಅಸಲಿಯಿಂದ ಹೆಚ್ಚು ಹಾನಿ, ಯಾಕಂದ್ರೆ ಯಾವ ಯಂತ್ರವೂ ಅದನ್ನು ಹಿಡಿಯಲಾರದು.

ಎದುರು ವಾದ ಇದೆ, ಅದು ದಡ್ಡ ವಾದ ಅಲ್ಲ. ರಿಬ್ಬನ್ ಬಟ್ಟೆ ತಾನೆ, ಜೀರ್ಣವಾಗುತ್ತೆ, ಹೊಲಿಯದೇ ಬಿಟ್ಟರೆ ಉಳಿದ ಪದಕವೂ ಉದುರುತ್ತೆ ಅಂತಾರೆ. ಒಪ್ಪಿದೆ. ಹಾಗಿದ್ದರೆ ಬೀಳದ ಹಾಗೆ ಆಸರೆ ಕೊಡಿ, ಬೇರೆ ಬಣ್ಣದ ನೂಲಲ್ಲಿ, ನಾಳೆ ಬಿಚ್ಚಲು ಬರುವ ಹಾಗೆ. ಕೈ ಹಾಕುವ ಮುಂಚೆ ಮುಂದೆ ಹಿಂದೆ ಫೋಟೋ ತೆಗೆಯಿರಿ. ಏನಾದರೂ ತೆಗೆದರೆ ಅದನ್ನು ಲಕೋಟೆಗೆ ಹಾಕಿ ಬಾರ್ ಜೊತೆಗೇ ಇಡಿ. ಖಾಲಿ ಜಾಗ ಖಾಲಿಯಾಗಿರಲಿ. ಪೂರ್ತಿ ಇರೋ ಬಾರಿಗೇ ದುಡ್ಡು ಜಾಸ್ತಿ, ಹರಿದದ್ದನ್ನು ಯಾರು ಕೊಳ್ತಾರೆ ಅನ್ನೋದು ಇನ್ನೊಂದು ವಾದ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕೊಳ್ಳುವವರು ನಾವೇ, ನಮ್ಮ ರುಚಿ ಬದಲಾಗಬೇಕು, ಅಷ್ಟೆ.

ಹಾಸ್ಟೆಲಿನಲ್ಲಿ ಇದನ್ನೆಲ್ಲ ಹೇಳಿದಾಗ ಒಬ್ಬ ಜೂನಿಯರ್ ಮುಖಕ್ಕೆ ಹೊಡೆದ ಹಾಗೆ ಕೇಳಿದ: "ಅಣ್ಣಾ, ನಾಜಿಗಳ ಪದಕ ಇಟ್ಕೊಂಡು ಮೆರೆಯೋದು ಸರೀನಾ?" ಒಳ್ಳೆ ಪ್ರಶ್ನೆ. ಮೆರೆಯೋದು ಸರಿಯಲ್ಲ. ಈ ಪೇಟೆಯಲ್ಲಿ ಎಸ್‌ಎಸ್ ಅನ್ನೋ ಎರಡಕ್ಷರ ಅಂಟಿಕೊಂಡರೆ ಬೆಲೆ ಏರುತ್ತೆ, ಅದಕ್ಕೇ ಅದರ ನಕಲು ಕೂಡ ರಾಶಿ ರಾಶಿ. ಖೋಟಾ ಮಾಡುವವನು ಕೊಳ್ಳುವವನ ಆಸೆ ನೋಡಿ ಮಾಡ್ತಾನೆ. ಜನರಿಗೆ ಯಾವುದರ ಮೇಲೆ ಮೋಹ ಅಂತ ತಿಳಿಯಬೇಕಂದ್ರೆ ಯಾವುದನ್ನು ಹೆಚ್ಚು ಖೋಟಾ ಮ��ಡಿದ್ದಾರೆ ನೋಡಿದರೆ ಸಾಕು. ಆ ಮೋಹಕ್ಕೆ ನನ್ನ ಕೈಲಿರೋ ಮದ್ದು ಬಾರನ್ನು ಸರಿಯಾಗಿ ಓದೋದು. 1941-42ರ ಚಳಿಗಾಲದಲ್ಲಿ ರಷ್ಯಾದಲ್ಲಿದ್ದವರಿಗೆ ಕೊಟ್ಟ ಪದಕಕ್ಕೆ ಸೈನಿಕರೇ ಇಟ್ಟ ಅಡ್ಡಹೆಸರು "ಹೆಪ್ಪುಗಟ್ಟಿದ ಮಾಂಸದ ಪದಕ". ಕೊರೆತಕ್ಕೆ ಬೆರಳು ಕಳೆದುಕೊಂಡವರ ಕಹಿ ಹಾಸ್ಯ ಅದು. ಅದರ ಪಕ್ಕದಲ್ಲೇ ಆಸ್ಟ್ರಿಯಾ ನುಂಗಿದ ನೆನಪಿನ ಪದಕ ಇರಬಹುದು. ಒಂದೇ ಎದೆಯ ಮೇಲೆ ಎರಡೂ. ಸುಡೆಟೆನ್‌ಲ್ಯಾಂಡಿನ ರಿಬ್ಬನ್ನನ್ನು ಮುಜುಗರಕ್ಕೆ ಕಿತ್ತುಹಾಕಿ ಬಾರನ್ನು "ಸಭ್ಯ" ಮಾಡಿದರೂ ಅದು ಸುಳ್ಳೇ, ವೀರನನ್ನಾಗಿಸಲು ಕ್ರಾಸ್ ಸೇರಿಸಿದರೂ ಸುಳ್ಳೇ.

ಇದು ನಮಗೇಕೆ ಅನ್ನಬೇಡಿ. ಕೊಡಗಿನ ಎಷ್ಟೋ ಮನೆಗಳಲ್ಲಿ, ಬೆಂಗಳೂರು ಮೈಸೂರಿನ ಹಳೇ ಸೈನಿಕ ಕುಟುಂಬಗಳಲ್ಲಿ ಬ್ರಿಟಿಷ್ ಕಾಲದ ಪದಕಗಳಿವೆ. ಜರ್ಮನ್ ಪದಕಗಳ ಮೇಲೆ ಸಾಮಾನ್ಯವಾಗಿ ಪಡೆದವನ ಹೆಸರಿರುವುದಿಲ್ಲ. ನಮ್ಮ ಮುತ್ತಾತಂದಿರಿಗೆ ಮೊದಲ ಮಹಾಯುದ್ಧದಲ್ಲಿ ಸಿಕ್ಕ ಬ್ರಿಟಿಷ್ ಪದಕಗಳ ಅಂಚಿನಲ್ಲಿ ನಂಬರು, ಹೆಸರು, ಪಡೆ ಕೆತ್ತಿರುತ್ತೆ, ತೆಳ್ಳಗೆ. ನಮಗೋ ಹಿತ್ತಾಳೆ ಬೆಳ್ಳಿ ಯಾವುದು ಕಂಡರೂ ಹುಣಸೆಹಣ್ಣು ಹಾಕಿ ತಿಕ್ಕುವ ಅಭ್ಯಾಸ. ಆಯುಧಪೂಜೆ ಬಂತೆಂದರೆ ಅಟ್ಟದಿಂದ ಪೆಟ್ಟಿಗೆ ಇಳಿಸಿ, ಪದಕ ಉಜ್ಜಿ ಫಳಫಳ ಮಾಡಿ, ಮಾಸಿದ ರಿಬ್ಬನ್ ಕಿತ್ತು ಅಂಗಡಿಯ ಸ್ಯಾಟಿನ್ ಪಟ್ಟಿ ಹೊಲಿಯೋದು. ಉಜ್ಜಿದಷ್ಟೂ ಅಂಚಿನ ಅಕ್ಷರ ಸವೆಯುತ್ತೆ. ದಯವಿಟ್ಟು ಈ ಸಲ ಮನೆಗೆ ಹೋದಾಗ ಅಜ್ಜಿಗೆ ಹೇಳಿ, ಕುಂಕುಮ ಪೆಟ್ಟಿಗೆಗೆ ಇಡಲಿ, ಪದಕಕ್ಕೆ ಬೇಡ. ಮೊಬೈಲಿನಲ್ಲಿ ಅಂಚಿನ ಸುತ್ತ ಒಂದು ವಿಡಿಯೋ ತೆಗೆದಿಟ್ಟುಕೊಳ್ಳಿ.

ಟೆಕ್ನೀಷಿಯನ್ ಅವರಿಗೆ ನಾನು ಒಂದು ಪುಟದ ವರದಿ ಬರೆದುಕೊಟ್ಟೆ. ಯಾವುದು ಹೊಸದು, ಯಾವುದು ಹಳೆಯದು, ನಾಲ್ಕನೆಯದರ ಬಗ್ಗೆ ಏನೂ ಹೇಳಲು ಬರುವುದಿಲ್ಲ ಯಾಕೆ ಅಂತ. ಅದನ್ನು ಮಡಿಚಿ ಆ ಕರವಸ್ತ್ರದಲ್ಲೇ ಇಟ್ಟುಕೊಂಡರು. ಸೋದರಳಿಯನಿಗೆ ತೋರಿಸುತ್ತೀರಾ ಅಂತ ಕೇಳಿದೆ. ಅವನು ಪುಸ್ತಕ ಅಚ್ಚು ಹಾಕಿಸಿಬಿಟ್ಟಿದ್ದಾನೆ ಅಂದರು.

ನನ್ನ ಬಾರ್ ಈಗ ಹಾಸ್ಟೆಲ್ ರೂಮಿನ ಡ್ರಾಯರಲ್ಲಿದೆ. ಸಂತೆಗೆ ವಾಪಸ್ ಹೋಗಿ ಕೇಳಿದ್ದೆ, ಅಂಗಡಿಯವರು ಭುಜ ಕುಣಿಸಿ ಪಕ್ಕದ ಗಿರಾಕಿ ಕಡೆ ತಿರುಗಿದರು. ಮಾರಲು ಮನಸ್ಸಿಲ್ಲ, ಎಸೆಯಲೂ ಇಲ್ಲ. ಹಿಂದೆ ಒಂದು ಚೀಟಿ ಕಟ್ಟಿದೆ, ಕೊಂಡ ತಿಂಗಳು, ಬೆಲೆ, ತಪ್ಪುಗಳ ಪಟ್ಟಿ ಎಲ್ಲ ಬರೆದು. ಚೀಟಿ ಯಾರಾದರೂ ಕಿತ್ತುಬಿಟ್ಟರೆ ಅಂತ ಅಳುಕಾಗಿ, ತಗಡಿನ ಮೇಲೇ ಉಕ್ಕಿನ ಮೊಳೆಯಲ್ಲಿ ಗೀರಿದೆ: ನಕಲು. ಮೊದಲು ಜರ್ಮನ್‌ನಲ್ಲಿ, ಅದರ ಕೆಳಗೆ ಕನ್ನಡದಲ್ಲಿ.